ಚೀಸ್‌ಗೆ ಪ್ಲಾಸ್ಟಿಕ್ ಬಿಗಿಯುವವರಿಗೆ

ಅಷ್ಟೊಂದು ದುಡ್ಡು ಕೊಟ್ಟು ಕೈಯಲ್ಲಿ ಮಾಡಿದ ಚೀಸ್ ತರುತ್ತೀರಿ. ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಬಿಗಿದು, ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿ ಬಾಟಲಿ ಪಕ್ಕ ತುರುಕುತ್ತೀರಿ. ನಾಲ್ಕು ದಿನ ಬಿಟ್ಟು "ಏನೋ ವಾಸನೆ ಅಜ್ಜಿ" ಅಂತ ನನ್ನ ಮೂಗಿಗೆ ಹಿಡಿಯುತ್ತೀರಿ. ವಾಸನೆ ಬರದೆ ಇನ್ನೇನು? ಚೀಸ್ ಅಂಗಡಿಗೆ ಬಂದ ಮೇಲೂ ಮಾಗುತ್ತಲೇ ಇರುತ್ತದೆ. ಗಾಳಿಯಾಡದಿದ್ದರೆ ಬೆವರುತ್ತದೆ, ಮೈ ಅಂಟಂಟಾಗುತ್ತದೆ, ಅಮೋನಿಯಾದ ಘಾಟು ಹಿಡಿಯುತ್ತದೆ. ಹಾಗಂತ ಸುಮ್ನೆ ಬಿಚ್ಚಿಟ್ಟರೆ ಒಣಗಿ ಬಿರುಕು ಬಿಡುತ್ತದೆ.

ನಮ್ಮವರಿಗೆ ಕೂನೂರಿನ ಕಡೆ ಕೆಲಸ ಇದ್ದಾಗ ನನಗೆ ಈ ಹುಚ್ಚು ಹತ್ತಿದ್ದು. ಪಕ್ಕದ ಮನೆಯಾಕೆ ಸ್ವಂತ ಹಸುವಿನ ಹಾಲಲ್ಲಿ ಗಟ್ಟಿ ಚೀಸ್ ಮಾಡಿ ಹಲಗೆ ಮೇಲೆ ಜೋಡಿಸುತ್ತಿದ್ದರು. ಉಪ್ಪುನೀರಿನ ಬಟ್ಟೆಯಲ್ಲಿ ಮೈ ಒರೆಸಿ, ಮಗ್ಗುಲು ಬದಲಿಸಿ, ಹಸುಗೂಸನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದರು.

ಬಟರ್ ಪೇಪರ್ ತನ್ನಿ. ಹಳೇ ಪೇಪರ್ ಬೇಡ, ಮಸಿ ಹತ್ತುತ್ತದೆ. ಚೀಸ್ ತುಂಡನ್ನು ಕಾಗದದ ಮೇಲೆ ಓರೆಯಾಗಿಡಿ. ಒಂದು ಮೂಲೆ ಎಳೆದು ಮೈಗೆ ಒತ್ತಿ, ಎದುರಿನದನ್ನು ಅದರ ಮೇಲೆ ತನ್ನಿ, ಪಕ್ಕದ ಕಿವಿಗಳನ್ನು ಅಡಿಗೆ ಮಡಚಿ. ಕಾಗದ ಮೈಗೆ ಕೂರಬೇಕು, ಆದರೆ ಹಿಂಡಬಾರದು. ರಬ್ಬರ್ ಬ್ಯಾಂಡ್ ಹಾಕಿದರೆ ಮೆತ್ತನೆ ಚೀಸ್ ಸೊಂಟ ಬಿದ್ದುಹೋಗುತ್ತದೆ, ಹತ್ತಿ ದಾರ ಸಾಕು. ತಂದ ತಾರೀಖನ್ನು ಪೆನ್ಸಿಲ್ಲಿನಲ್ಲಿ ಬರೆದು, ಡಬ್ಬಿಯಲ್ಲಿಟ್ಟು, ಮುಚ್ಚಳ ಸಡಿಲ ಮಾಡಿ ಕೆಳಗಿನ ತರಕಾರಿ ಡ್ರಾಯರಿಗೆ ಸೇರಿಸಿ. ಪ್ರತಿ ಸಲ ಕತ್ತರಿಸಿದಾಗ ಹೊಸ ಕಾಗದ. ಹಳೇದನ್ನೇ ತಿರುಗಿಸಿ ಸುತ್ತುವ ಜಿಪುಣತನ ಬೇಡ. ನೀಲಿ ಚೀಸ್‌ಗೆ ಬೇರೆ ಡಬ್ಬಿ ಬೇಕೇ ಬೇಕು, ಅದರ ಬೂಷ್ಟು ಅಕ್ಕಪಕ್ಕದ್ದಕ್ಕೂ ಹಬ್ಬುತ್ತದೆ.

ಹಸಿ ಮೊಝರೆಲ್ಲಾ ಬಂದ ನೀರಲ್ಲೇ ಇರಲಿ, ಬೇಗ ತಿಂದು ಮುಗಿಸಿ.

ಗಟ್ಟಿ ಚೆಡ್ಡರ್ ಮೇಲೆ ಬೂಷ್ಟು ಬಂದರೆ ಇಡೀ ತುಂಡು ಬಿಸಾಡಬೇಡಿ. ಸುತ್ತಲೂ ಒಂದಿಂಚು ಬಿಟ್ಟು ಆಳವಾಗಿ ಕತ್ತರಿಸಿ, ಚಾಕು ಬೂಷ್ಟಿಗೆ ತಾಗಬಾರದು. ಮೆತ್ತನೆಯದಕ್ಕೆ ಬಂದರೆ ಮಾತ್ರ ಆಸೆ ಬಿಡಿ. ಇನ್ನು ಚೆನ್ನಾಗಿ ಮಾಗಿದ ಗೌಡಾ ಚೀಸ್‌ನಲ್ಲಿ ಹಲ್ಲಿಗೆ ಕರಕರ ಸಿಗುವ ಬಿಳಿ ಚುಕ್ಕೆ ಬೂಷ್ಟೂ ಅಲ್ಲ, ಉಪ್ಪೂ ಅಲ್ಲ. ಅದು ಹಾಲಿನ ಪ್ರೋಟೀನ್ ಒಡೆದು ಹುಟ್ಟುವ ಟೈರೊಸಿನ್ ಹರಳು, ಚೆನ್ನಾಗಿ ಮಾಗಿದ್ದರ ಗುರುತು. ನಮ್ಮ ಮೊಮ್ಮಗಳು ಅದನ್ನು ಚಾಕುವಿನ ತುದಿಯಲ್ಲಿ ಒಂದೊಂದಾಗಿ ಕೆರೆದು ತೆಗೆಯುತ್ತಿದ್ದಳು. ಹೊಟ್ಟೆ ಉರಿಯಿತು.

ತಿನ್ನುವುದಕ್ಕೆ ಮೊದಲು ಹೊರಗಿಡಿ. ಬೆಂಗಳೂರಿನ ಜನವರಿಯಲ್ಲಿ ಒಂದು ಗಂಟೆ, ಏಪ್ರಿಲ್‌ನಲ್ಲಿ ಅದರ ಅರ್ಧವೂ ಜಾಸ್ತಿ. ತಣ್ಣಗಿದ್ದರೆ ರುಚಿಯೇ ಬಾಯಿ ಬಿಡುವುದಿಲ್ಲ. ಸಸ್ಯಾಹಾರಿಗಳು ಪೊಟ್ಟಣ ಓದಿ ಕೊಳ್ಳಿ. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ.

ಅಂದ ಹಾಗೆ, ಪನೀರು ಸೋಸಿದ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕುವುದನ್ನೂ ನೋಡಿದ್ದೇನೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಇಲ್ಲದಿದ್ದರೆ ಹಾಲಿನಂಶ ಬೆಂದು ಎಳೆಯಲ್ಲೇ ಕೂರುತ್ತದೆ.

ಗಟ್ಟಿ ಚೀಸ್‌ನ ತೊಗಟೆ ಉಳಿದರೆ ಹುರುಳಿಕಾಯಿ ಸೂಪಿಗೆ ಹಾಕಿ ಕುದಿಸಿ, ಆಮೇಲೆ ತೆಗೆದುಬಿಡಿ. ಗೌಡಾದ ಮೇಲಿನ ಕೆಂಪು ಮಾತ್ರ ತೊಗಟೆಯಲ್ಲ, ಮೇಣ. ಅದನ್ನೂ ಸೂಪಿಗೆ ಹಾಕಿದ ಪುಣ್ಯಾತ್ಮರು ನಮ್ಮ ಮನೆಯಲ್ಲೇ ಇದ್ದಾರೆ.