ಔಷಧ ಚೀಟಿ ನೋಡದೆ ಫೇಜ್ ಎಣಿಸಬೇಡಿ

ಕರುಳಿನ ವೈರಸ್‌ಗಳಲ್ಲಿ ಬಹುಪಾಲು ಫೇಜ್‌ಗಳು, ಅಂದರೆ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಲ್ಲಿ ಇವು ಬದಲಾಗಿವೆಯೇ ಎಂದು ನೋಡಲು ಹೊರಟಾಗ ನಾವು ಮೊದಲು ಕೈಗೆತ್ತಿಕೊಳ್ಳುವುದು ಮಲದ ಡಬ್ಬಿಯನ್ನಲ್ಲ, ರೋಗಿಯ ಔಷಧ ಚೀಟಿಯನ್ನು.

ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಕರುಳಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಬ್ಯಾಕ್ಟೀರಿಯಾ ಹೆಚ್ಚಿದಲ್ಲಿ ಅದರ ಫೇಜ್‌ಗಳೂ ಹೆಚ್ಚಬಹುದು. ಆದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, 30ಕ್ಕಿಂತ ಕೆಳಗಿಳಿದರೆ ಈ ಮಾತ್ರೆ ಕೊಡುವಂತಿಲ್ಲ, 45ರ ಕೆಳಗೆ ಡೋಸ್ ಇಳಿಸುತ್ತಾರೆ. ಹೀಗಾಗಿ ಕಿಡ್ನಿ ಚೆನ್ನಾಗಿರುವ ಗುಂಪು ಮಾತ್ರೆ ನುಂಗುತ್ತಿರುತ್ತದೆ, ಕೆಟ್ಟಿರುವ ಗುಂಪು ಬಿಟ್ಟಿರುತ್ತದೆ. ಕಂಡ ವ್ಯತ್ಯಾಸ ಕಿಡ್ನಿಯದೋ, ಮಾತ್ರೆಯದೋ? ಅದಕ್ಕೇ ಇಜಿಎಫ್‌ಆರ್ 45ಕ್ಕಿಂತ ಮೇಲಿದ್ದು, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿ ಕೆಟ್ಟಾಗ ಮೂತ್ರಕ್ಕೆ ಸೋರುವ ಪ್ರೋಟೀನಿನ ಅಳತೆ) ಗ್ರಾಂಗೆ 30 ಮಿ.ಗ್ರಾಂ ದಾಟಿದವರನ್ನು ಆರಿಸುತ್ತೇವೆ. ಒಂದೇ ಪರೀಕ್ಷೆ ಸಾಲದು, ಮೂರರಲ್ಲಿ ಎರಡು ಸಲವಾದರೂ ದಾಟಿರಬೇಕು. ಹೋಲಿಕೆಯ ಗುಂಪಿನಲ್ಲಿ ಅಲ್ಬುಮಿನ್ ಸಹಜವಿದ್ದು, ಅಷ್ಟೇ ಡೋಸ್ ಮೆಟ್‌ಫಾರ್ಮಿನ್ ಇರುವವರು. ಹಿಂದಿನ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರನ್ನು ಬಿಡುತ್ತೇವೆ. ಮಲಬದ್ಧತೆ, ಪಥ್ಯ ಎರಡನ್ನೂ ಬರೆದಿಟ್ಟುಕೊಳ್ಳುತ್ತೇವೆ.

ಇನ್ನು ಲ್ಯಾಬಿನ ಕೆಲಸ: ಮಲದಿಂದ ಫೇಜ್‌ಗಳನ್ನಷ್ಟೇ ಬೇರ್ಪಡಿಸಿ ಅವುಗಳ ಡಿಎನ್‌ಎ ತೆಗೆಯುವುದು. ಅರ್ಧ ಗ್ರಾಂ ಮಲವನ್ನು 10 ಮಿ.ಲೀ. ಎಸ್‌ಎಂ ಬಫರ್‌ನಲ್ಲಿ (ಫೇಜ್‌ಗಳನ್ನು ಕೆಡದಂತೆ ಇಡುವ ಉಪ್ಪಿನ ದ್ರಾವಣ) ಚೆನ್ನಾಗಿ ಕದಡಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 4 ಡಿಗ್ರಿಯಲ್ಲಿ 5,000 ಜಿ ಬಲದಲ್ಲಿ, ಅಂದರೆ ಭೂಮಿಯ ಸೆಳೆತದ 5,000 ಪಟ್ಟಿನಲ್ಲಿ, 10 ನಿಮಿಷ, ಎರಡು ಸಲ ತಿರುಗಿಸಬೇಕು. ಮೇಲಿನ ತಿಳಿಯನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತೇವೆ, 0.2ರಲ್ಲಿ ಸೋಸಿದರೆ ದೊಡ್ಡ ಫೇಜ್‌ಗಳು ಅಲ್ಲೇ ಉಳಿದುಬಿಡುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಸಿರಿಂಜನ್ನು ಬಲವಾಗಿ ಒತ್ತಬೇಡಿ. ಪೊರೆ ಹರಿದು ಬ್ಯಾಕ್ಟೀರಿಯಾ ನುಗ್ಗುತ್ತದೆ, ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಇನ್ನೊಮ್ಮೆ ತಿರುಗಿಸಿ, ಹೊಸ ಫಿಲ್ಟರ್ ಹಾಕಿ.

ಸೋಸಿದ್ದಕ್ಕೆ ಅರ್ಧ ಮೋಲಾರ್ ಉಪ್ಪು, ಫೇಜ್‌ಗಳನ್ನು ಒಟ್ಟುಗೂಡಿಸಿ ಕೆಳಗಿಳಿಸುವ ಪಿಇಜಿ 8000 ಎಂಬ ಪಾಲಿಮರ್ ನೂರಕ್ಕೆ 10ರಷ್ಟು ಸೇರಿಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಮರುದಿನ 20 ನಿಮಿಷ ತಿರುಗಿಸುತ್ತೇವೆ. ತಳದಲ್ಲಿ ಫೇಜ್‌ಗಳ ಚರಟ ಹುಡುಕಿದರೆ ಸಿಗುವುದಿಲ್ಲ: ಅದು ಟ್ಯೂಬಿನ ಹೊರಮಗ್ಗುಲಿನ ಗೋಡೆಗೆ ತೆಳ್ಳಗೆ, ಬೆವರಿನಂತೆ ಹತ್ತಿರುತ್ತದೆ. ಯಂತ್ರದ ರೋಟರ್‌ನಲ್ಲಿ (ಟ್ಯೂಬ್ ಹಿಡಿದು ಸುತ್ತುವ ಭಾಗ) ಇಡುವಾಗಲೇ ಆ ಮಗ್ಗುಲಿಗೆ ಪೆನ್ನಿನಲ್ಲಿ ಗೆರೆ ಎಳೆದಿಡಿ, ಬಫರನ್ನು ಅದೇ ಗೆರೆಯ ಮೇಲೆ ಮೆಲ್ಲಗೆ ಹಾಯಿಸಿ. 400 ಮೈಕ್ರೋಲೀಟರ್ ಸಾಕು. ಅಷ್ಟೇ ಕ್ಲೋರೋಫಾರ್ಮ್ ಹಾಕಿದರೆ ಉಳಿದ ಬ್ಯಾಕ್ಟೀರಿಯಾ ಒಡೆಯುತ್ತದೆ. ಕೊಬ್ಬಿನ ಹೊದಿಕೆಯಿರುವ ವೈರಸ್‌ಗಳೂ ಇಲ್ಲಿ ನಾಶವಾಗುತ್ತವೆ. ಅವುಗಳ ಬಗ್ಗೆ ಆಮೇಲೆ ಮಾತಾಡುವ ಹಕ್ಕು ನಮಗಿರುವುದಿಲ್ಲ.

ಆಮೇಲೆ, ವೈರಸ್‌ನ ಕವಚದ ಹೊರಗೆ ತೇಲುವ ಡಿಎನ್‌ಎ, ಆರ್‌ಎನ್‌ಎಗಳನ್ನು ಕತ್ತರಿಸುವ ಕಿಣ್ವಗಳಾದ ಡಿಎನ್‌ಏಸ್, ಆರ್‌ಎನ್‌ಏಸ್, 37 ಡಿಗ್ರಿಯಲ್ಲಿ ಒಂದು ಗಂಟೆ. ಡಿಎನ್‌ಏಸ್‌ಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕು. ಬಫರ್‌ನಲ್ಲಿ ಇವನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಇದ್ದರೆ ಡಿಎನ್‌ಏಸ್ ಕೆಲಸ ಮಾಡುವುದಿಲ್ಲ. ಮುಗಿದ ಮೇಲೆ 70 ಡಿಗ್ರಿಯಲ್ಲಿ 10 ನಿಮಿಷ ಇಡದೆ ವೈರಸ್‌ನ ಕವಚ ಒಡೆದರೆ, ಇನ್ನೂ ಕೆಲಸ ಮಾಡುತ್ತಿರುವ ಡಿಎನ್‌ಏಸ್ ನಮಗೆ ಬೇಕಾದ ಡಿಎನ್‌ಎಯನ್ನೇ ಕತ್ತರಿಸಿಹಾಕುತ್ತದೆ. ಸಿಕ್ಕ ಡಿಎನ್‌ಎ ಕಡಿಮೆಯಾಯಿತೆಂದು ಡಿಎನ್‌ಎಯ ನಕಲು ಮಾಡುವ ಫೈ29 ಕಿಣ್ವದಿಂದ ಹೆಚ್ಚಿಸಬೇಡಿ. ಮೈಕ್ರೋವಿರಿಡೆ ಎಂಬ ಪುಟ್ಟ ಫೇಜ್‌ಗಳ ಕುಟುಂಬದಂಥ ಸಣ್ಣ ದುಂಡು ಜೀನೋಮ್‌ಗಳು ವಿಪರೀತ ಉಬ್ಬಿ, ಪ್ರಮಾಣದ ಲೆಕ್ಕವೇ ಕೆಡುತ್ತದೆ. ಹೊರಗಿನಿಂದ ಏನಾದರೂ ಸೇರಿದೆಯೇ ಎಂದು ತಿಳಿಯಲು, ಬರೀ ಬಫರ್ ಇರುವ ಟ್ಯೂಬೊಂದನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗೇ ನಡೆಸಿ. ಪ್ರತಿ ಮಾದರಿಯಲ್ಲೂ ಬ್ಯಾಕ್ಟೀರಿಯಾದ ಗುರುತಾದ 16ಎಸ್ ಜೀನ್ ಎಷ್ಟು ಉಳಿದಿದೆ ಎಂದು ಕ್ಯೂಪಿಸಿಆರ್‌ನಲ್ಲಿ (ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ನೋಡಿ.

ಆರ್‌ಎನ್‌ಎಯನ್ನೂ ಓದಿಸುವುದಾದರೆ ಮೆಣಸಿನಕಾಯಿಯ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಕಾಣುತ್ತದೆಯೇ ಗಮನಿಸಿ. ಇದು ಗಿಡದ ವೈರಸ್, ಊಟದಿಂದ ಬಂದದ್ದು, ಮಲದಲ್ಲಿ ಧಾರಾಳವಾಗಿ ಸಿಗುತ್ತದೆ. ಕಂಡರೆ ಆರ್‌ಎನ್‌ಎ ಹಾಳಾಗದೆ ಉಳಿದಿದೆ ಎಂದು ಧೈರ್ಯ. ಆದರೆ ಪಥ್ಯವೆಂದು ಖಾರ ಬಿಟ್ಟ ಕಿಡ್ನಿ ರೋಗಿಗಳಲ್ಲಿ ಇದು ಕಡಿಮೆಯಿರಬಹುದು. ಅದನ್ನು ಕಾಯಿಲೆಯ ಗುರುತೆಂದು ಬರೆಯುವ ಮೊದಲು ಪಥ್ಯ ಬರೆದಿಟ್ಟ ಹಾಳೆ ತೆಗೆದು ನೋಡಿ.