ನೆಲದಡಿಯ ಕೇಬಲ್‌ಗೆ ನೀರಿನ ತಂಪು: ಎಷ್ಟು ಹರಿವು ಬೇಕು?

ನೆಲದಡಿಯ ವಿದ್ಯುತ್ ಕೇಬಲ್‌ಗಳ ಪಕ್ಕದಲ್ಲಿ ಪೈಪ್ ಹೂತು, ಅದರಲ್ಲಿ ನೀರು ಹರಿಸಿ ಕೇಬಲ್‌ಗಳ ಶಾಖ ತೆಗೆಯಲು ಮೊದಲು ಶಾಖದ ಲೆಕ್ಕ ಹಾಕಿ. ಮೂರು ಕೇಬಲ್‌ಗಳಲ್ಲಿ ಮೀಟರಿಗೆ ತಲಾ 50 ವ್ಯಾಟ್ ನಷ್ಟವಾದರೆ ಒಟ್ಟು 150 ವ್ಯಾಟ್. ಸೆಕೆಂಡಿಗೆ 1 ಲೀಟರ್ ನೀರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವಾಗ ಸುಮಾರು 42 ಕಿಲೋವ್ಯಾಟ್ ಹೊತ್ತೊಯ್ಯುತ್ತದೆ. ಅಷ್ಟೂ ಶಾಖ ನೀರಿಗೇ ಬಂದರೂ 280 ಮೀಟರ್ ಉದ್ದಕ್ಕೆ ಸಾಕು. ಒಳವ್ಯಾಸ 50 ಮಿಲಿಮೀಟರ್ ಇರುವ ಪೈಪಿನಲ್ಲಿ ಇದು ಸೆಕೆಂಡಿಗೆ ಅರ್ಧ ಮೀಟರ್ ವೇಗ.

ಎರಡು ಪೈಪ್ ಹಾಕಿ ಎದುರುಬದುರಾಗಿ ಹರಿಸಿ. ಇಲ್ಲದಿದ್ದರೆ ಕೊನೆಯ ತುದಿ ಹೆಚ್ಚು ಕಾಯುತ್ತದೆ. ಎತ್ತರದ ಜಾಗಗಳಲ್ಲಿ ಗಾಳಿ ಬಿಡುವ ವಾಲ್ವ್ ಬೇಕೇ ಬೇಕು.

ತಂಪು ಸಾಲದಿದ್ದರೆ ತಕ್ಷಣ ಪಂಪ್ ದೊಡ್ಡದು ಮಾಡಬೇಡಿ: ಹರಿವು ಇಮ್ಮಡಿಯಾದರೆ ಪಂಪಿಗೆ ಸುಮಾರು ಎಂಟುಪಟ್ಟು ಶಕ್ತಿ ಬೇಕು. ಮೊದಲು ಕೇಬಲ್ ಮತ್ತು ಪೈಪ್ ನಡುವಿನ ಮರಳು ನೋಡಿ. ಅದು ಒಣಗಿದ್ದರೆ ಶಾಖ ನೀರನ್ನು ಸರಿಯಾಗಿ ಮುಟ್ಟುವುದಿಲ್ಲ. ಸಿಮೆಂಟ್ ಬೆರೆಸಿದ ಮರಳನ್ನು ಪದರಪದರವಾಗಿ ದಮ್ಮಸು ಮಾಡಿ ತುಂಬಿ. ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪಾಲಿಥೀನ್ ನಿರೋಧಕ ಹೊದಿಕೆ) ಕೇಬಲ್‌ನ ವಾಹಕ ಸತತ ಹೊರೆಯಲ್ಲಿ 90 ಡಿಗ್ರಿ ಮೀರಬಾರದು.