ಡ್ಯಾಕ್ ಬಾಕ್ಸ್ ಕಂಪ್ಯೂಟರ್‌ಗೆ ಕಾಣ್ತಾನೇ ಇರ್ಲಿಲ್ಲ: ನನ್ನ ಅನುಭವ

ಎರಡು ದಿನ ತಲೆ ಕೆಟ್ಟೋಗಿತ್ತು ಮಾರಾಯ್ರೆ. ಥರ್ಮೋಕಪಲ್ (ಉಷ್ಣತೆ ಅಳೆಯೋ ತಂತಿ ಸೆನ್ಸರ್) ರೀಡಿಂಗ್ ತಗೊಳ್ಳೋಕೆ ಅಂತ ಯುಎಸ್‌ಬಿ ಡ್ಯಾಕ್ ಬಾಕ್ಸ್ (ಡೇಟಾ ಅಕ್ವಿಸಿಷನ್, ಅಂದ್ರೆ ಸೆನ್ಸರ್ ಸಿಗ್ನಲ್‌ನ ಕಂಪ್ಯೂಟರ್‌ಗೆ ಕಳಿಸೋ ಡಬ್ಬಿ) ಹಾಕಿದ್ರೆ ಅದರ ಹಸಿರು ಲೈಟೇನೋ ಉರಿಯುತ್ತೆ, ಸಾಫ್ಟ್‌ವೇರಲ್ಲಿ ಡಿವೈಸ್ ಲಿಸ್ಟ್ ಮಾತ್ರ ಖಾಲಿ. ಡ್ರೈವರ್ ತೆಗೆದು ಮತ್ತೆ ಹಾಕ್ದೆ, ರೀಸ್ಟಾರ್ಟ್ ಮಾಡ್ದೆ, ಊಹೂಂ. ಅರ್ಧ ದಿನ ದಂಡ.

ಆಮೇಲೆ ವಿಂಡೋಸ್‌ನಲ್ಲಿ ಜೋಡಿಸಿರೋ ಡಿವೈಸ್‌ಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್ ತೆಗೆದಿಟ್ಟು ಕೇಬಲ್ ಚುಚ್ಚಿ ಕಿತ್ತು ನೋಡ್ದೆ, ಲಿಸ್ಟ್ ಒಂದ್ ಸಲಾನೂ ಅಲುಗಾಡ್ಲಿಲ್ಲ, ಟಿಂಗ್ ಅನ್ನೋ ಸೌಂಡೂ ಇಲ್ಲ. ಆಗ ಹೊಳೀತು, ಡ್ರೈವರ್ ಇಲ್ದಿದ್ರೂ ಹಳದಿ ಗುರುತು ಹಾಕ್ಕೊಂಡು ಏನೋ ಒಂದು ಕಾಣ್ಬೇಕಿತ್ತಲ್ಲ, ಏನೂ ಬರ್ತಿಲ್ಲ ಅಂದ್ರೆ ಡೇಟಾನೇ ಹೋಗ್ತಿಲ್ಲ ಅಂತ. ನಾನು ಹಾಕಿದ್ದು ಬರೀ ಚಾರ್ಜಿಂಗ್ ಕೇಬಲ್, ಒಳಗೆ ಪವರ್‌ನ 2 ತಂತಿ ಮಾತ್ರ, ಡೇಟಾದ 2 ಇಲ್ವೇ ಇಲ್ಲ, ಲೈಟ್ ಉರಿಯೋಕೆ ಅಷ್ಟು ಸಾಕು ನೋಡಿ.

ಕೇಬಲ್ ಬದಲಾಯಿಸಿದ್ಮೇಲೆ ಅನ್‌ನೋನ್ ಡಿವೈಸ್, ಕೋಡ್ 43 ಅಂತ ಬಂತು, ಅಂದ್ರೆ ಡಿವೈಸಲ್ಲಿ ಏನೋ ತೊಂದ್ರೆ ಅನ್ನೋ ವಿಂಡೋಸ್ ಎರರ್. ಖುಷೀನೇ ಆಯ್ತು, ಏನೋ ಬಂತಲ್ಲ! ಆದ್ರೆ ಬಾಕ್ಸ್ ಹಾಕಿದ್ದು ಪವರ್ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಿ), ಅದರಲ್ಲಿ ಇನ್ನೂ ಮೂರು ಐಟಂ ನೇತಾಡ್ತಿತ್ತು, ಯುಎಸ್‌ಬಿ 2.0 ಪೋರ್ಟ್ ಕೊಡೋದೇ 500 ಮಿಲಿಆಂಪ್, ಅದನ್ನೇ ಎಲ್ರೂ ಹಂಚ್ಕೋಬೇಕು. ಹಬ್ ಬಿಟ್ಟು ಕಂಪ್ಯೂಟರ್ ಹಿಂಭಾಗದ ಪೋರ್ಟ್‌ಗೆ ನೇರವಾಗಿ ಹಾಕ್ದೆ, ಹೆಸರು ಸಮೇತ ಬಂತು. ಥರ್ಮೋಕಪಲ್ ಸಿಕ್ಕಿಸಿರೋ ಚಾನೆಲ್ 0 ಈಗ 27 ಡಿಗ್ರಿ ತೋರಿಸ್ತಿದೆ.